ಮಲೆನಾಡಿನ ಮನೆಗೆ ಮರ ಕಡೆಯುವ ಲೇತ್: ಯಾವುದು ತರೋದು, ಯಾವುದು ಬಿಡೋದು?

ಲೇತ್ ಯಂತ್ರದಲ್ಲಿ ಮರದ ತುಂಡನ್ನು ತಿರುಗಿಸುತ್ತಾ, ಉಳಿ ಹಿಡಿದು ಕಡೆಯುವ ಹವ್ಯಾಸದ ಬಗ್ಗೆ ಓದೋಕೆ, ನೋಡೋಕೆ ಸಿಗುವುದರಲ್ಲಿ ಮುಕ್ಕಾಲು ಪಾಲು ಹೊರದೇಶದವರು ಮಾಡಿದ್ದು. ಅವರು ಒಣಗಿಸಿ, ಅಳತೆಗೆ ಕೊಯ್ದು, ಮೇಣ ಹಚ್ಚಿಟ್ಟ ತುಂಡನ್ನು ಅಂಗಡಿಯಿಂದ ತರುತ್ತಾರೆ. ನಮ್ಮ ಲೆಕ್ಕ ಉಲ್ಟಾ. ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲಿ ಹೋದರೂ ಯಾರದಾದರೂ ತೋಟದಲ್ಲಿ ಗಾಳಿಗೆ ಬಿದ್ದ ಹಲಸು ಇರುತ್ತದೆ. ಇಲ್ಲ ಅಂದರೆ ನೆರಳು ಜಾಸ್ತಿಯಾಯಿತು ಅಂತ ಕಡಿದ ಸಿಲ್ವರ್ ಓಕ್ ಇರುತ್ತದೆ. ಕೇಳಿದರೆ 'ತಗೊಂಡು ಹೋಗಿ ಮಾರಾಯ್ರೇ, ಸೌದೆ ಒಡೆಯೋ ಕೆಲಸ ಉಳೀತು' ಅನ್ನುತ್ತಾರೆ. ಮರ ಪುಕ್ಕಟೆ. ಆದರೆ ಹಸಿ, ಸೊಟ್ಟ, ಗಂಟು ಗಂಟು.

ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ 'ಯಾವ ಲೇತ್ ಒಳ್ಳೇದು' ಅಂತಲ್ಲ. ಸೊಟ್ಟಗಿರುವ ಹಸಿ ಮರವನ್ನು ಯಾವುದು ತಡೆದುಕೊಳ್ಳುತ್ತದೆ, ಮಳೆಗಾಲವನ್ನು ಯಾವುದು ದಾಟುತ್ತದೆ ಅಂತ. ಹೀಗೆ ಕೇಳಿದರೆ, ಜಾಹೀರಾತಿನಲ್ಲಿ ಮಿಂಚುವ ಎಷ್ಟೋ ಸಾಮಾನು ಪಟ್ಟಿಯಿಂದ ತಾನಾಗಿಯೇ ಬಿದ್ದುಹೋಗುತ್ತದೆ.

ಉದ್ದದ ಕೆಲಸವೋ, ಅಗಲದ ಕೆಲಸವೋ?

ಲಟ್ಟಣಿಗೆ, ಕಡಗೋಲು, ಬುಗುರಿ, ಮಂಚದ ಕಾಲು, ತೊಟ್ಟಿಲ ಗುಬುಟು, ಇವೆಲ್ಲ ಎರಡು ತುದಿಯ ನಡುವೆ ಹಿಡಿದು ಕಡೆಯುವಂಥವು. ಇದಕ್ಕೆ ಲೇತ್ ಉದ್ದ ಇರಬೇಕು, ಮರ ಒಣಗಿರಬೇಕು. ಬಟ್ಟಲು, ತಟ್ಟೆ, ಉಪ್ಪಿನ ಮರಿಗೆಯಂಥ ದುಂಡು ಪಾತ್ರೆಗಳಿಗೆ ಅಗಲ ಬೇಕು. ಮರ ಹಿಡಿದು ತಿರುಗಿಸುವ ದಂಡ, ಅಂದರೆ ಸ್ಪಿಂಡಲ್‌ನ ನಡುವಿನಿಂದ ಕೆಳಗಿನ ಹಾಸು, ಅಂದರೆ ಬೆಡ್‌ವರೆಗಿನ ಎತ್ತರದ ಎರಡು ಪಟ್ಟನ್ನು ಸ್ವಿಂಗ್ ಅನ್ನುತ್ತಾರೆ. 12 ಇಂಚು ಸ್ವಿಂಗ್ ಅಂದರೆ ಸುಮಾರು 12 ಇಂಚು ಅಗಲದ ಬಟ್ಟಲಿಗೆ ಜಾಗ ಇದೆ ಅಂತ ಅರ್ಥ. ನಿಜಕ್ಕೂ ಆರಾಮಾಗಿ ಕೆಲಸ ಆಗೋದು ಅದಕ್ಕಿಂತ ಒಂದೆರಡು ಇಂಚು ಕಡಿಮೆಗೆ.

ಪುಕ್ಕಟೆ ಸಿಗುವುದು ಹಸಿ ದಿಮ್ಮಿ. ಹಸಿ ದಿಮ್ಮಿಯಲ್ಲಿ ಚೆನ್ನಾಗಿ ಆಗುವುದು ಬಟ್ಟಲು. ಆದ್ದರಿಂದ ದುಡ್ಡನ್ನು ಉದ್ದಕ್ಕೆ ಸುರಿಯುವ ಬದಲು ಅಗಲಕ್ಕೆ, ತೂಕಕ್ಕೆ, ನಿಧಾನವಾಗಿ ತಿರುಗುವ ಶಕ್ತಿಗೆ ಹಾಕಿ ಅಂತ ನಾನು ಹೇಳುವುದು. ಮಂಚದ ಕಾಲು ಕಡೆಯಲೇಬೇಕು ಅನ್ನುವವರ ದಾರಿ ಬೇರೆ. ಅವರಿಗೆ ಮುಂದೆ ಬರುವ ಎರಡನೇ ಬಗೆಯ ಲೇತ್ ಸಾಕು.

ಲೇತ್‌ಗಳಲ್ಲಿ ಯಾವುದು?

ಡ್ರಿಲ್ ಮೆಷಿನ್‌ಗೆ ಸಿಕ್ಕಿಸುವ ಆಟಿಕೆ ಲೇತ್ ಬಿಟ್ಟುಬಿಡಿ. ಬುಗುರಿ, ಪೆನ್ನು ಆಗುತ್ತದೆ, ಅಷ್ಟೇ. ಕಬ್ಬಿಣ ಕಡೆಯುವ ಹಳೇ ಲೇತ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಅದರ ಸ್ಲೈಡ್‌ಗಳ ಸಂದಿಗೆ ಹಸಿ ಹೊಟ್ಟು ಹೋಗಿ ಕೂತರೆ ತುಕ್ಕು ಬಿಡಿಸೋದೇ ಕೆಲಸ ಆಗುತ್ತದೆ. ಕೈ ಊರಿ ಉಳಿ ಹಿಡಿಯೋಕೆ ರೆಸ್ಟ್ ಕೂಡ ಅದರಲ್ಲಿ ಇರುವುದಿಲ್ಲ.

ಉಳಿದದ್ದು ಮೂರು. ಮೊದಲನೆಯದು ಆನ್‌ಲೈನ್‌ನಲ್ಲಿ ಬರುವ ಮೇಜಿನ ಮೇಲಿನ ಮಿನಿ ಅಥವಾ ಮಿಡಿ ಲೇತ್. ಸ್ವಿಂಗ್ 8ರಿಂದ 12 ಇಂಚು, ಮೋಟಾರ್ ಅರ್ಧದಿಂದ ಒಂದು ಎಚ್‌ಪಿ. ಅಳತೆ ನಿಖರ, ಬೇರಿಂಗ್ ನಯ, ಚಕ್ (ತುಂಡನ್ನು ಹಲ್ಲುಗಳಿಂದ ಕಚ್ಚಿ ಹಿಡಿಯುವ ಸಾಧನ) ಮತ್ತು ಸೆಂಟರ್‌ಗಳು (ತುದಿಯಲ್ಲಿ ಒತ್ತಿ ಹಿಡಿಯುವ ಮೊನೆಗಳು) ಸಲೀಸಾಗಿ ಹೊಂದುತ್ತವೆ. ಇಲ್ಲಿ ನೋಡಬೇಕಾದ ಮುಖ್ಯ ಅಂಕಿ ಎಚ್‌ಪಿ ಅಲ್ಲ, ಅತಿ ಕಡಿಮೆ ವೇಗ ಎಷ್ಟು ಅನ್ನುವುದು. ಲೇತ್ ಕೆಲಸದವರು ಬಳಸುವ ಲೆಕ್ಕ ಒಂದಿದೆ. ತುಂಡಿನ ಅಗಲ ಇಂಚಿನಲ್ಲಿ, ವೇಗ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು) ತಗೊಂಡು ಎರಡನ್ನೂ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. 10 ಇಂಚಿನ ತುಂಡಿಗೆ 600ರಿಂದ 900 ಆಯಿತು. ಅದು ದುಂಡಾದ, ಸಮತೂಕದ ತುಂಡಿಗೆ. ಕೊಡಲಿಯಲ್ಲಿ ಮೂಲೆ ಸವರಿದ ಹಸಿ ಹಲಸಿನ ತುಂಡಿಗೆ ಶುರುವಿನಲ್ಲಿ 300, 400 ಸಾಕು. ಬೆಲ್ಟ್ ಬದಲಿಸುವ ಎಷ್ಟೋ ಮಿನಿ ಲೇತ್‌ಗಳ ಕಡಿಮೆ ವೇಗವೇ 500, 700 ಇರುತ್ತದೆ. ಆ ವೇಗಕ್ಕೆ ಸೊಟ್ಟ ತುಂಡು ಕೊಟ್ಟರೆ ಮೇಜಿನ ಸಮೇತ ನಡೆಯೋಕೆ ಶುರು ಮಾಡುತ್ತದೆ.

ಎರಡನೆಯದು ನಮ್ಮಲ್ಲೇ ಕಟ್ಟಿಸುವುದು. ಬಡಗಿಗಳು ಮಂಚದ ಕಾಲು, ಕಿಟಕಿ ಸರಳು ಕಡೆಯೋಕೆ ಬಳಸುವ ಚಾನಲ್ ಕಬ್ಬಿಣದ ಲೇತ್ ನೋಡಿರುತ್ತೀರಿ. ಎರಡು ಪಿಲ್ಲೋ ಬ್ಲಾಕ್ ಬೇರಿಂಗು, ಒಂದು ಶಾಫ್ಟು, ಸ್ಟೆಪ್ ಪುಲ್ಲಿ, ಪಕ್ಕದಲ್ಲಿ ಮೋಟಾರು. ಬೆಲೆ ಕಮ್ಮಿ, ಉದ್ದ ಬೇಕಾದಷ್ಟು, ಕೆಟ್ಟರೆ ಯಾವ ವೆಲ್ಡರ್ ಬೇಕಾದರೂ ಸರಿಮಾಡುತ್ತಾನೆ. ತೊಂದರೆ ಏನೆಂದರೆ ಶಾಫ್ಟಿನ ತುದಿಗೆ ಯಾವ ಅಳತೆಯ ಥ್ರೆಡ್ಡೂ ಇರುವುದಿಲ್ಲ, ಒಳಗೆ ಟೇಪರ್ (ಸೆಂಟರ್ ಕೂರಿಸುವ ಇಳಿಜಾರಿನ ತೂತು) ಇರುವುದಿಲ್ಲ. ಆಮೇಲೆ ಚಕ್ ತಂದರೆ ಕೂರುವುದಿಲ್ಲ. ಶಿವಮೊಗ್ಗ, ಭದ್ರಾವತಿ ಕಡೆಯವರಿಗೆ ಇದು ದೊಡ್ಡ ಅಡ್ಡಿಯಲ್ಲ. ಮಾಚೇನಹಳ್ಳಿಯ ಸುತ್ತ ಫೌಂಡ್ರಿಗಳಿವೆ, ಪೇಟೆಯಲ್ಲಿ ಟರ್ನಿಂಗ್ ಶಾಪ್‌ಗಳಿವೆ. ಶಾಫ್ಟ್ ಮಾಡಿಸುವಾಗಲೇ ಹೊರಗೆ 1 ಇಂಚು 8 ಟಿಪಿಐ (ಇಂಚಿಗೆ 8 ಥ್ರೆಡ್) ಅಥವಾ ಎಂ33 ಪಿಚ್ 3.5 ಥ್ರೆಡ್, ಒಳಗೆ ಮೋರ್ಸ್ ಟೇಪರ್ 2 ಬೇಕು ಅಂತ ಬರೆದು ಕೊಡಿ. ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ. ಆಗುವುದಾದರೆ ಚಕ್ ಮೊದಲು ತಂದು, ಅದನ್ನೇ ಟರ್ನರ್ ಕೈಗೆ ಕೊಟ್ಟು ಹೊಂದಿಸಿಕೊಂಡು ಬನ್ನಿ. ಶಾಫ್ಟ್ ಸರಿಯಾಗಿದ್ದರೆ ಈ ಲೇತ್ ಮಿಡಿ ಲೇತನ್ನು ಮೀರಿಸುತ್ತದೆ. ಯಾಕೆಂದರೆ ಸ್ವಿಂಗ್ ಎಷ್ಟು ಬೇಕೋ ಅಷ್ಟು ಎತ್ತರಿಸಿಕೊಳ್ಳಬಹುದು. ತೂಕಕ್ಕೆ ಕಾಲಿನ ಮೇಲೆ ಹಲಗೆ ಹಾಕಿ ನಾಲ್ಕು ಜಂಬಿಟ್ಟಿಗೆ ಕಲ್ಲು ಪೇರಿಸಿದರೆ ನಡುಕ ಅರ್ಧಕ್ಕಿಳಿಯುತ್ತದೆ.

ಮೂರನೆಯದು 16 ಇಂಚು ಮತ್ತು ಮೇಲ್ಪಟ್ಟ ದೊಡ್ಡ ಎರಕದ ಲೇತ್. ನೂರೈವತ್ತು ಕೆಜಿಗೂ ಜಾಸ್ತಿ ತೂಗುತ್ತದೆ. ಒಳ್ಳೆಯದೇ. ಆದರೆ ಲಾರಿಯವನು ಟಾರ್ ರಸ್ತೆ ಮುಗಿಯುವಲ್ಲಿ ಇಳಿಸಿ ಹೋದ ಮೇಲೆ ಉಣುಗೋಲು ದಾಟಿ ಮನೆಯವರೆಗೆ ತರುವವರು ಯಾರು? ಹವ್ಯಾಸ ಮೂರ್ನಾಲ್ಕು ವರ್ಷ ಬಿಡದೆ ನಡೆದಿದೆ, ದುಡ್ಡಿದೆ ಅನ್ನುವವರಿಗೆ ಮಾತ್ರ.

ನನ್ನನ್ನು ಕೇಳಿದರೆ, ಶಿವಮೊಗ್ಗ ಪೇಟೆಯ ಸಣ್ಣ ಮನೆಗೆ ವೇಗ ತಗ್ಗಿಸಬಹುದಾದ 12 ಇಂಚಿನ ಮಿಡಿ ಲೇತ್. ಹಳ್ಳಿಯಲ್ಲಿ, ಕೊಟ್ಟಿಗೆ ಖಾಲಿ ಇರುವವರಿಗೆ ಕಟ್ಟಿಸಿದ ಲೇತ್. ಎರಡರಲ್ಲಿ ಯಾವುದೇ ಆಗಲಿ, ಒಟ್ಟು ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಲೇತಿಗೇ ಹಾಕಬೇಡಿ. ಉಳಿ, ಗ್ರೈಂಡರ್, ಚಕ್ ಸೇರಿದರೆ ಹೆಚ್ಚು ಕಡಿಮೆ ಲೇತಿನಷ್ಟೇ ಆಗುತ್ತದೆ.

ಮೋಟಾರು ಮತ್ತು ಕರೆಂಟು

ಮಲೆನಾಡಿನಲ್ಲಿ ಇದು ಪ್ರತ್ಯೇಕ ಅಧ್ಯಾಯ. ಮನೆಗೆ ಬರುವುದು ಸಿಂಗಲ್ ಫೇಸ್. ತ್ರೀ ಫೇಸ್ ಪಂಪ್‌ಸೆಟ್‌ಗೆ, ಅದೂ ಕೊಟ್ಟ ಹೊತ್ತಿಗೆ. ಆ ಲೈನಿನಿಂದ ಎಳೆದುಕೊಳ್ಳುವ ಯೋಚನೆ ಬೇಡ, ನಿಯಮಕ್ಕೂ ಸಲ್ಲದು.

ಸಾದಾ ಸಿಂಗಲ್ ಫೇಸ್ ಮೋಟಾರ್ ಅಗ್ಗ, ರಿಪೇರಿ ಸುಲಭ. ವೇಗ ಮಾತ್ರ ಒಂದೇ, ಬೆಲ್ಟ್ ಬದಲಿಸಿಯೇ ತಗ್ಗಿಸಬೇಕು. ಮಿಡಿ ಲೇತ್‌ನ ಎಲೆಕ್ಟ್ರಾನಿಕ್ ಡಿಸಿ ಮೋಟಾರಿನಲ್ಲಿ ಗುಂಡಿ ತಿರುಗಿಸಿದರೆ ವೇಗ ಬದಲಾಗುತ್ತದೆ. ಹಾಯಾಗಿರುತ್ತದೆ, ಆದರೆ ಅದರ ಜೀವ ಇರುವುದು ಒಂದು ಬೋರ್ಡಿನಲ್ಲಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಬೋರ್ಡ್ ಹೋದರೆ ಅದೇ ಬೋರ್ಡ್ ಮತ್ತೆ ಸಿಗುವುದು ಕಷ್ಟ. ಕೆಲಸ ಮುಗಿದ ಕೂಡಲೇ ಪ್ಲಗ್ ಕಿತ್ತಿಡುವುದು ಅಭ್ಯಾಸವಾಗಲಿ.

ನನ್ನ ಮತ ಮೂರನೇ ದಾರಿಗೆ: ಒಂದು ಎಚ್‌ಪಿ ತ್ರೀ ಫೇಸ್ ಮೋಟಾರು, ಜೊತೆಗೆ ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡುವ, ಮೋಟಾರಿನ ವೇಗವನ್ನೂ ಬದಲಿಸುವ ವಿಎಫ್‌ಡಿ ಅನ್ನುವ ಸಾಧನ. ಇಲ್ಲೊಂದು ಸೂಕ್ಷ್ಮ ಇದೆ, ಅಂಗಡಿಯವರು ಎಷ್ಟೋ ಸಲ ಹೇಳುವುದಿಲ್ಲ. ನಮ್ಮ ಸಣ್ಣ ತ್ರೀ ಫೇಸ್ ಮೋಟಾರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ ಬರುತ್ತವೆ. ಸಿಂಗಲ್ ಫೇಸ್ ವಿಎಫ್‌ಡಿಯಿಂದ ಹೊರಬರುವುದು 230 ವೋಲ್ಟಿನ ತ್ರೀ ಫೇಸ್. ಹಾಗೇ ಜೋಡಿಸಿದರೆ ಮೋಟಾರು ತಿರುಗುತ್ತದೆ, ಬಲ ಇರುವುದಿಲ್ಲ. ಉಳಿ ತಾಗಿದ ಕೂಡಲೇ ನಿಲ್ಲುತ್ತದೆ. ಮೋಟಾರಿನ ಡಬ್ಬಿ ತೆಗೆಸಿ ಒಳಗೆ ಆರು ತುದಿ ಇವೆಯಾ ನೋಡಿ. ಇದ್ದರೆ ಎಲೆಕ್ಟ್ರಿಷಿಯನ್ ಡೆಲ್ಟಾ ಮಾಡಿಕೊಡುತ್ತಾನೆ. ಮೂರೇ ಇದ್ದರೆ ಬೇರೆ ಮೋಟಾರು ಕೇಳಿ. ವಿಎಫ್‌ಡಿ ಇದೆ ಅಂತ ಸ್ಟೆಪ್ ಪುಲ್ಲಿ ಕಿತ್ತುಹಾಕಬೇಡಿ. ಬರೀ ವಿಎಫ್‌ಡಿಯಲ್ಲೇ ವೇಗ ತೀರಾ ಇಳಿಸಿದರೆ ಬಲ ಸಾಲುವುದಿಲ್ಲ, ಮೋಟಾರಿನ ಫ್ಯಾನೂ ನಿಧಾನವಾಗಿ ಮೈ ಬಿಸಿಯಾಗುತ್ತದೆ. ನಿಧಾನದ ಕೆಲಸಕ್ಕೆ ಬೆಲ್ಟನ್ನೂ ಕಡಿಮೆ ವೇಗದ ಮೆಟ್ಟಿಲಿಗೆ ಇಳಿಸಿ.

ವಿಎಫ್‌ಡಿಯನ್ನು ಲೇತಿನಿಂದ ಸ್ವಲ್ಪ ದೂರ, ಮುಚ್ಚಿದ ಡಬ್ಬಿಯಲ್ಲಿ ಗೋಡೆಗೆ ಹಾಕಿಸಿ. ಹೊಟ್ಟು ಹೋಗಬಾರದು ಅಂತ ಒಂದು, ಹಲ್ಲಿ ಹೋಗಬಾರದು ಅಂತ ಇನ್ನೊಂದು. ಬೆಚ್ಚಗಿರುವ ಡಬ್ಬಿ ಅಂದರೆ ಹಲ್ಲಿ, ಇರುವೆಗೆ ಮಳೆಗಾಲದ ಬಿಡಾರ. ಮನೆಯ ಇನ್ವರ್ಟರ್ ಮೇಲೆ ಲೇತ್ ಓಡಿಸುವ ಆಸೆ ಬಿಡಿ. ದೀಪ, ಫ್ಯಾನಿಗೆ ಅಂತ ಹಾಕಿಸಿದ ಇನ್ವರ್ಟರ್ ಒಂದು ಎಚ್‌ಪಿ ಮೋಟಾರನ್ನು ಎಬ್ಬಿಸುವುದಿಲ್ಲ.

ಉಳಿಗಳು: ಎಚ್‌ಎಸ್‌ಎಸ್, ಕಾರ್ಬೈಡ್, ಕಮ್ಮಾರನದು

ಸಾಗರ, ಸೊರಬದ ಗುಡಿಗಾರರು ಗಂಧದಲ್ಲಿ ಕೆತ್ತುವುದನ್ನು ನೋಡಿದವರಿಗೆ ಆ ಉಳಿಗಳೇ ಸಾಕು ಅನ್ನಿಸಬಹುದು. ಸಾಲದು. ಕೆತ್ತನೆಯ ಉಳಿ ತೆಳ್ಳಗೆ, ಹಿಡಿಯ ಬುಡ ಸಣ್ಣ. ತಿರುಗುವ ಮರ ಅದನ್ನು ಎಳೆದುಕೊಂಡರೆ ಮುರಿದು ಮುಖಕ್ಕೆ ಬರುತ್ತದೆ. ಹಳೇ ಅರ ತಿಕ್ಕಿ ಉಳಿ ಮಾಡುವುದೂ ಹೀಗೇ ಅಪಾಯ. ಅರದ ಉಕ್ಕು ಗಟ್ಟಿ, ಆದರೆ ಪಟ್ಟನೆ ತುಂಡಾಗುವಂಥದ್ದು. ಕಮ್ಮಾರನ ಹತ್ತಿರ ಮಾಡಿಸುವುದಾದರೆ ಜೀಪಿನ ಪಟ್ಟಿ ಸ್ಪ್ರಿಂಗಿನಿಂದ ಸ್ಕ್ರೇಪರ್ (ಕೆರೆಯುವ ಉಳಿ) ಮಾಡಿಸಬಹುದು. ಗ್ರೈಂಡರಿನಲ್ಲಿ ನೀಲಿ ಬಣ್ಣ ತಿರುಗಿತೋ, ಹದ ಹೋಯಿತು.

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಉಕ್ಕಿಗೆ ಆ ಕಾಟ ಇಲ್ಲ, 500 ಡಿಗ್ರಿ ದಾಟಿದರೂ ಗಡಸುತನ ಉಳಿಯುತ್ತದೆ. ಕಾರ್ಬೈಡ್ ಉಳಿಯ ತುದಿಗೆ ಸಣ್ಣ ಬಿಲ್ಲೆ ಇರುತ್ತದೆ. ಮೊಂಡಾದರೆ ತಿರುಗಿಸಿ ಹಾಕಿಕೊಳ್ಳುವುದು, ಎಲ್ಲ ಕಡೆ ಮುಗಿದರೆ ಹೊಸದು ತರಿಸುವುದು. ಹರಿತ ಮಾಡೋಕೆ ಕಲಿಯಬೇಕಿಲ್ಲ ಅನ್ನುವುದೇ ಅದರ ದೊಡ್ಡ ಆಕರ್ಷಣೆ. ಒಣ, ಗಟ್ಟಿ ಮರಕ್ಕೆ ಚೆನ್ನಾಗಿಯೇ ನಡೆಯುತ್ತದೆ. ಹಸಿ ಮರಕ್ಕೆ ಬಂದಾಗ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬಿಲ್ಲೆ ಕೆರೆಯುತ್ತದೆ, ಕೊಯ್ಯುವುದಿಲ್ಲ. ಹಸಿ ಹಲಸಿನ ಎಳೆ ಎದ್ದು ಮೇಲ್ಮೈ ಒರಟಾಗುತ್ತದೆ. ಅದೇ ತುಂಡಿಗೆ ಹರಿತವಾದ ಬೌಲ್ ಗೌಜ್ (ಬಟ್ಟಲು ಕಡೆಯುವ, ಅರೆಗೊಳವೆಯಂಥ ಉಳಿ) ಹಿಡಿದು, ಬೆವೆಲ್ ಅನ್ನು, ಅಂದರೆ ಬಾಯಿಯ ಹಿಂದಿನ ಇಳಿಜಾರನ್ನು, ಮರದ ಮೇಲೆ ಸವರಿದ ಹಾಗೆ ತಂದರೆ, ಹಳದಿ ಸಿಪ್ಪೆ ಉದ್ದುದ್ದ ರಿಬ್ಬನ್ನಾಗಿ ಭುಜದ ಮೇಲಿಂದ ಹಾರುತ್ತದೆ. ಕೈಗೆ ತಣ್ಣಗೆ ನೀರು ಸಿಡಿಯುತ್ತದೆ. ಹಿಂದೆ ಉಳಿಯುವ ಮೈ ಮುಟ್ಟಿದರೆ ಒದ್ದೆ, ನಯ. ನಮ್ಮ ಮರಕ್ಕೆ ಎಚ್‌ಎಸ್‌ಎಸ್ ಗೌಜೇ ಸರಿ.

ಶುರುವಿಗೆ ಅರ್ಧ ಇಂಚಿನ ಒಂದು ಬೌಲ್ ಗೌಜ್, ಉದ್ದದ ಕೆಲಸಕ್ಕೆ ಒಂದು ಸ್ಪಿಂಡಲ್ ಗೌಜ್, ಒಂದು ದಪ್ಪ ಸ್ಕ್ರೇಪರ್, ತುಂಡರಿಸೋಕೆ ಒಂದು ಪಾರ್ಟಿಂಗ್ ಉಳಿ. ಎಂಟು ಉಳಿಯ ಅಗ್ಗದ ಸೆಟ್ಟಿನಲ್ಲಿ ನಾಲ್ಕು ಉಳಿ ಗೋಡೆಯಲ್ಲೇ ಇರುತ್ತವೆ. ಸೆಟ್ಟಿನಲ್ಲಿ ಬರುವ ಅಗಲದ ರಫಿಂಗ್ ಗೌಜನ್ನು ಬಟ್ಟಲಿಗೆ ಯಾವ ಕಾರಣಕ್ಕೂ ಹಿಡಿಯಬೇಡಿ. ಅದು ಕಂಬದಂಥ ಉದ್ದದ ಕೆಲಸಕ್ಕೆ ಮಾತ್ರ, ಹಿಡಿಯೊಳಗೆ ಹೋಗುವ ಅದರ ಬಾಲ ಸಣ್ಣ. ಅಗ್ಗದ ಒಂದು ಉಪಾಯವೂ ಇದೆ. ಕಬ್ಬಿಣ ಕಡೆಯುವ ಲೇತಿಗೆ ಬಳಸುವ ಎಚ್‌ಎಸ್‌ಎಸ್ ಟೂಲ್ ಬಿಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ದಪ್ಪ ಸರಳಿನ ತುದಿಗೆ ಸ್ಕ್ರೂ ಹಾಕಿ ಕೂರಿಸಿಕೊಂಡರೆ ಒಳ್ಳೇ ಸ್ಕ್ರೇಪರ್ ಆಯಿತು.

ಎಚ್‌ಎಸ್‌ಎಸ್ ಅಂದ ಮೇಲೆ ಗ್ರೈಂಡರ್ ಬೇಕೇ ಬೇಕು. 6 ಇಂಚಿನ 2800 ಆರ್‌ಪಿಎಂ ಗ್ರೈಂಡರ್ ಎಲ್ಲ ಕಡೆ ಸಿಗುತ್ತದೆ. 8 ಇಂಚಿನ, 1440ರಲ್ಲಿ ತಿರುಗುವುದು ಹುಡುಕಬೇಕು, ಬೆಲೆಯೂ ಜಾಸ್ತಿ. ಕಲಿಯುವವರಿಗೆ ನಿಧಾನದ್ದೇ ವಾಸಿ, ಉಳಿ ಬೇಗ ಸವೆಯುವುದಿಲ್ಲ. ಬಜೆಟ್ ಇಲ್ಲದಿದ್ದರೆ 6 ಇಂಚಿನದಕ್ಕೇ ಬೂದು ಕಲ್ಲು ತೆಗೆದು 80 ಗ್ರಿಟ್‌ನ ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಕಲ್ಲು ಹಾಕಿಸಿ. ಗೌಜಿನ ಕೋನ ಪ್ರತಿ ಸಲ ಒಂದೇ ಬರಬೇಕಾದರೆ ಉಳಿಯನ್ನು ಹಿಡಿದಿಡುವ ಜಿಗ್ ಬೇಕು. ಕಬ್ಬಿಣದ ಪಟ್ಟಿಯಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ಗ್ರೈಂಡರನ್ನು ಹೊಟ್ಟಿನ ರಾಶಿಯಿಂದ ದೂರ ಇಡಿ, ಕಿಡಿ ಬಿದ್ದರೆ ಬೇಸಿಗೆಯಲ್ಲಿ ಹೊತ್ತಿಕೊಳ್ಳುತ್ತದೆ.

ಚಕ್ಕೋ, ಫೇಸ್ ಪ್ಲೇಟೋ?

ನಾಲ್ಕು ಹಲ್ಲಿನ ಸ್ಕ್ರೋಲ್ ಚಕ್ ಅನುಕೂಲ, ದುಬಾರಿ. ಫೇಸ್ ಪ್ಲೇಟ್ ಅಂದರೆ ತೂತಿರುವ ಬಿಲ್ಲೆ, ಟರ್ನಿಂಗ್ ಶಾಪಿನಲ್ಲಿ ಮಾಡಿಸಬಹುದು. ಹಸಿ, ಸೊಟ್ಟ ತುಂಡಿಗೆ ಮೊದಲ ಹಿಡಿತ ಫೇಸ್ ಪ್ಲೇಟಿನದ್ದೇ ಭದ್ರ. ಅದಕ್ಕೆ ಕಪ್ಪು ಜಿಪ್ಸಮ್ ಸ್ಕ್ರೂ ಹಾಕಬೇಡಿ, ಕತ್ತು ಮುರಿಯುತ್ತದೆ. ದಪ್ಪ ಮರದ ಸ್ಕ್ರೂ ಹಾಕಿ. ತಳದಲ್ಲಿ ಚಕ್ ಕಚ್ಚೋಕೆ ಒಂದು ಗುಬುಟು ಕಡೆದ ಮೇಲೆ ತಿರುಗಿಸಿ ಚಕ್ಕಿಗೆ ಹಿಡಿಸುವುದು. ಹಸಿ ಮರ ಹಲ್ಲಿನ ಕೆಳಗೆ ಅದುಮಿಕೊಳ್ಳುತ್ತದೆ. ಆಗಾಗ ಲೇತ್ ನಿಲ್ಲಿಸಿ ಚಕ್ ಬಿಗಿ ಮಾಡುತ್ತಿರಿ. ಎರಡರಲ್ಲಿ ಒಂದಕ್ಕೇ ಈಗ ದುಡ್ಡಿದ್ದರೆ ಪ್ಲೇಟ್. ತಳಕ್ಕೆ ಬೇರೆ ಮರದ ತುಂಡು ಅಂಟಿಸಿ ಕೆಲಸ ನಡೆಸಬಹುದು. ಅಂಟು ಹಿಡಿಯೋಕೆ ಮಾತ್ರ ಒಣ ಮರ ಬೇಕು.

ಒಣಗಿಸುವುದು

ಮಳೆ ಎಲ್ಲ ಕಡೆ ಒಂದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಆದರೂ ಜುಲೈ ತಿಂಗಳ ಗಾಳಿಯ ತೇವ 90 ಶೇಕಡಾ ಇದ್ದರೆ, ಮರ ಎಷ್ಟು ದಿನ ಇಟ್ಟರೂ ಅದರೊಳಗಿನ ತೇವ ಸುಮಾರು 20 ಶೇಕಡಾಕ್ಕಿಂತ ಕೆಳಗಿಳಿಯುವುದಿಲ್ಲ. ಬೇಸಿಗೆಯಲ್ಲಿ ಅದೇ ಮರ 10ರ ಆಸುಪಾಸಿಗೆ ಬರುತ್ತದೆ. ಜುಲೈನಲ್ಲಿ ಬಿಗಿಯಾಗಿ ಕೂರಿಸಿದ ಭರಣಿ ಮುಚ್ಚಳ ಮಾರ್ಚ್‌ನಲ್ಲಿ ಸಡಿಲ ಆಗುವುದು ಇದಕ್ಕೇ.

ಎಲ್ಲರೂ ಮಾಡುವುದು ಎರಡು ಹಂತದ ಕೆಲಸ. ಹಸಿ ಇರುವಾಗ ದಪ್ಪವಾಗಿ ಕಡೆದಿಡುವುದು, ಒಣಗಿದ ಮೇಲೆ ಮತ್ತೆ ಹಿಡಿದು ಮುಗಿಸುವುದು. ದಪ್ಪ ಅಂದರೆ ಅಗಲದ ಹತ್ತನೇ ಒಂದು ಭಾಗ, 10 ಇಂಚಿನ ಬಟ್ಟಲಿಗೆ 1 ಇಂಚು ಗೋಡೆ. ಒಣಗಿಸುವ ದಾರಿಗಳಲ್ಲಿ ಆಯ್ಕೆ ಇದೆ. ಎಳೆಯ ತುದಿ ಕಾಣುವ ಕಡೆ ಮೇಣ ಹಚ್ಚಿ ನೆರಳಲ್ಲಿ ಇಡುವುದು ಸುಲಭ, ಬೇಸಿಗೆಗೆ ಒಳ್ಳೆಯದು. ಅದೇ ಮರದ ಹೊಟ್ಟು ತುಂಬಿದ ಕಾಗದದ ಚೀಲದಲ್ಲಿ ಹೂತಿಡುವುದು ನಿಧಾನ. ಮಳೆಗಾಲದಲ್ಲಿ ಹಾಗೆ ಮಾಡಿದರೆ ಬೂಷ್ಟು ಹಿಡಿದು ನೀಲಿ, ಕಪ್ಪು ಗೆರೆ ಬರುತ್ತದೆ. ಕೆಲವರಿಗೆ ಆ ಗೆರೆಯೇ ಚೆಂದ, ಅದು ಬೇರೆ ಮಾತು.

ನನಗೆ ಇಷ್ಟ ಕುದಿಸುವ ದಾರಿ. ಗೋಡೆಯ ದಪ್ಪದ ಇಂಚಿಗೆ ಒಂದು ಗಂಟೆ ಲೆಕ್ಕದಲ್ಲಿ ಕಡೆದ ಬಟ್ಟಲನ್ನು ನೀರಲ್ಲಿ ಕುದಿಸಿ, ತಣ್ಣಗಾದ ಮೇಲೆ ನೆರಳಿಗೆ ಇಡುವುದು. ಬಿರುಕು ಕಮ್ಮಿಯಾಗುತ್ತದೆ. ಬಚ್ಚಲ ಹಂಡೆ ಇದಕ್ಕೆ ಹೇಳಿ ಮಾಡಿಸಿದ್ದು, ಒಲೆಗೆ ಸೌದೆಯೂ ಲೇತಿನ ಚಕ್ಕೆಯೇ. ಹಲಸು ಕುದಿಸಿದರೆ ನೀರು ಅರಿಶಿನ ಕಲಸಿದ ಬಣ್ಣಕ್ಕೆ ತಿರುಗುತ್ತದೆ. ಮನೆಯವರನ್ನು ಕೇಳಿಕೊಂಡು ಮಾಡಿ.

ಒಲೆಯ ಮೇಲಿನ ಅಟ್ಟ ಕಂಡ ಕೂಡಲೇ ಅಲ್ಲಿಗೆ ಹಸಿ ಬಟ್ಟಲು ಏರಿಸುವ ಆಸೆ ಆಗುತ್ತದೆ. ಮೊದಲೇ ಬೇಡ. ಹೊರಗಿನ ಪದರ ಬೇಗ ಒಣಗಿ ಸೀಳುತ್ತದೆ. ತಂಪಿನ ಕೋಣೆಯಲ್ಲಿ ಒಂದೆರಡು ತಿಂಗಳು ಕಳೆದ ಮೇಲೆ ಅಟ್ಟಕ್ಕೆ ಏರಿಸಿದರೆ ಮಳೆಗಾಲದಲ್ಲೂ ಒಣಗುವುದು ನಿಲ್ಲುವುದಿಲ್ಲ. ಬಟ್ಟಲ ತಳದಲ್ಲಿ ಪೆನ್ಸಿಲ್‌ನಿಂದ ತಾರೀಕು, ತೂಕ ಬರೆಯಿರಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ.

ದೂಳು, ಬಟ್ಟೆ, ತುಕ್ಕು

ಹಸಿ ಮರ ಕಡೆಯುವಾಗ ದೂಳಿಲ್ಲ, ದೂಳು ಬರುವುದು ಒಣ ಮರಕ್ಕೆ ಉಪ್ಪುಕಾಗದ ಉಜ್ಜುವಾಗ. ಗಟ್ಟಿ ಮರದ ದೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1995ರಲ್ಲೇ ಕ್ಯಾನ್ಸರ್ ತರುವಂಥದ್ದು ಎಂದು ಮೊದಲ ಗುಂಪಿಗೆ ಸೇರಿಸಿದೆ. ದೂಳು ಎಳೆಯುವ ಮೆಷಿನ್‌ಗೆ ದುಡ್ಡಿಲ್ಲ ಅಂದರೆ ಜಗುಲಿಯಲ್ಲಿ, ಬೆನ್ನ ಹಿಂದೆ ಫ್ಯಾನ್ ಇಟ್ಟು ಉಜ್ಜಿ, ಎನ್95 ಮಾಸ್ಕ್ ಹಾಕಿ. ಕನ್ನಡಕ ಸಾಲದು, ಪೂರ್ತಿ ಮುಖ ಮುಚ್ಚುವ ಶೀಲ್ಡ್ ಬೇಕು. ಪಂಚೆ, ಶಾಲು, ಮಫ್ಲರ್, ಕೈಗವಸು ಯಾವುದೂ ಲೇತ್ ಹತ್ತಿರ ಬೇಡ, ಎಷ್ಟೇ ಚಳಿ ಇರಲಿ.

ಹಸಿ ಮರದ ರಸ ಎರಕದ ಬೆಡ್ ಮೇಲೆ ಒಂದು ರಾತ್ರಿ ಇದ್ದರೆ ಬೆಳಿಗ್ಗೆ ಕಪ್ಪು ಕಲೆ. ಒರೆಸಿ ಮೇಣ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಹೊಟ್ಟು ಅಂಟಿ ಕಿಲುಬಾಗುತ್ತದೆ.

ಯಾವ ಮರ?

ಹಲಸು ಎಲ್ಲಕ್ಕಿಂತ ಮೇಲು. ತಿರುಳು ಹಳದಿ, ಬಿಸಿಲು ಕಂಡಂತೆ ಕಂದು. ಮಾವು ಕಡೆಯೋಕೆ ಸುಲಭ, ಕುಟ್ಟೆ ಹುಳು ಬೇಗ ಹಿಡಿಯುತ್ತದೆ. ಅಕೇಶಿಯಾ ನೆಡುತೋಪಿನ ಜಗಳ ಏನೇ ಇರಲಿ, ಅದರ ತಿರುಳು ಗಟ್ಟಿ, ಹೊಳಪು ಚೆನ್ನಾಗಿ ಬರುತ್ತದೆ. ಕಾಫಿ ಗಿಡದ ಬೊಡ್ಡೆ ಸಣ್ಣ ಭರಣಿಗೆ, ಹಿಡಿಗೆ ಬಲು ಚೆಂದ, ಆದರೆ ಸೀಳುವುದು ಜಾಸ್ತಿ. ಸಿಲ್ವರ್ ಓಕ್ ನೋಡೋಕೆ ಜರಿಯ ಹಾಗೆ, ಆದರೆ ಕೆಲವರ ಚರ್ಮಕ್ಕೆ ಅದರ ದೂಳಾಗುವುದಿಲ್ಲ, ತುರಿಕೆ ಏಳುತ್ತದೆ. ಅಡಿಕೆ ಮರ ದಬ್ಬೆಗೇ ಸರಿ, ಒಳಗೆಲ್ಲ ಬೆಂಡು, ಬಟ್ಟಲಾಗುವುದಿಲ್ಲ. ಕಾಡುಗೇರಿನ ಜಾತಿಯ ಮರಗಳ ಹತ್ತಿರ ಹೋಗಬೇಡಿ, ಸೊನೆ ಸಿಡಿದರೆ ಮೈಯೆಲ್ಲ ಬೊಬ್ಬೆ.

ಚನ್ನಪಟ್ಟಣದವರು ಬಳಸುವುದು ಆಲೆ ಮರ. ಬಿಳಿ, ಸಣ್ಣ ಎಳೆ, ಅರಗಿನ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಬುಗುರಿ, ಗಿಲಕಿ ಕಡೆದು ಅರಗು ಹಚ್ಚುವ ಆಸೆ ಇದ್ದರೆ ಅದನ್ನೇ ಹುಡುಕಿ. ತೇಗ, ಬೀಟೆ, ಗಂಧ ನಿಮ್ಮ ಹಿತ್ತಲಲ್ಲೇ ಬೆಳೆದಿದ್ದರೂ ಕಡಿಯೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೀಟೆಯ ತುಂಡು ಬೇಕೇ ಬೇಕು ಅಂದರೆ ಸಾಮಿಲ್‌ನಿಂದ ಬಿಲ್ ಸಮೇತ ತನ್ನಿ. ಹಳೇ ಮನೆ ಬಿಚ್ಚುವ ಕಡೆ ತೊಲೆ, ಬಾಗಿಲವಾಡದ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು, ಎಷ್ಟೋ ವರ್ಷ ಒಣಗಿದ ಮರ. ಕಡೆಯುವ ಮೊದಲು ಒಂದು ಆಯಸ್ಕಾಂತ ಸವರಿ ಮೊಳೆ ಇದೆಯಾ ನೋಡಿಕೊಳ್ಳಿ.